ಬಿಸಿಲು, ಬಾಡಿಗೆ ಮತ್ತು ಬಿಳಿ ವಿಮಾನ

1996ರ ಏಪ್ರಿಲ್‌ನಲ್ಲಿ ಪೆಪ್ಸಿ ಕಂಪನಿ ತನ್ನ ಡಬ್ಬಿಗಳ ಬಣ್ಣವನ್ನು ನೀಲಿಗೆ ಬದಲಾಯಿಸಿತು. ಅದನ್ನು ಊರಿಗೆಲ್ಲ ಸಾರಲು ಏರ್ ಫ್ರಾನ್ಸ್‌ನ ಒಂದು ಕಾಂಕಾರ್ಡ್ ವಿಮಾನವನ್ನೇ ಗೊತ್ತುಮಾಡಿಕೊಂಡು ಅದಕ್ಕೂ ನೀಲಿ ಬಳಿಸಿತು. ಲಂಡನ್ ಬಳಿಯ ಗ್ಯಾಟ್ವಿಕ್ ನಿಲ್ದಾಣದಲ್ಲಿ ಪರದೆ ಸರಿದಾಗ ಮೂತಿಯಿಂದ ಬಾಲದವರೆಗೆ ಎಲ್ಲವೂ ನೀಲಿ, ರೆಕ್ಕೆ ಮಾತ್ರ ಬಿಳಿ. ರೆಕ್ಕೆಯನ್ನು ಬಿಟ್ಟದ್ದು ಅಂದಕ್ಕಲ್ಲ. ಅದರೊಳಗೆ ಇಂಧನ ಇರುತ್ತದೆ, ಅದು ಬಿಸಿಯಾಗಕೂಡದು. ರೆಕ್ಕೆ ಬಿಳಿಯಾಗಿದ್ದರೂ ಪೈಲಟ್‌ಗಳಿಗೆ ಒಂದು ಕಟ್ಟಪ್ಪಣೆ ಇತ್ತು: ಶಬ್ದದ ಎರಡು ಪಟ್ಟು ವೇಗದಲ್ಲಿ, ಅಂದರೆ ಮ್ಯಾಕ್ 2ರಲ್ಲಿ, ಒಮ್ಮೆಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಾರುವಂತಿಲ್ಲ. ಅಟ್ಲಾಂಟಿಕ್ ಸಾಗರದ ಮೇಲೆ ಅದೇ ವೇಗದಲ್ಲಿ ಗಂಟೆಗಟ್ಟಲೆ ಸಾಗುವುದಕ್ಕೆಂದೇ ಹುಟ್ಟಿದ ವಿಮಾನವದು. ಬಣ್ಣ ಬದಲಾದದ್ದೇ ತಡ, ಅದರ ಕಾಲಿಗೆ ಹಗ್ಗ ಬಿತ್ತು.

ಮ್ಯಾಕ್ 2ರಲ್ಲಿ ಎದುರಿನ ಗಾಳಿ ಪಕ್ಕಕ್ಕೆ ಸರಿಯಲು ಪುರುಸೊತ್ತಿಲ್ಲದೆ ವಿಮಾನದ ಮುಂದೆ ಒತ್ತಿಕೊಳ್ಳುತ್ತದೆ, ಒತ್ತಿದ ಗಾಳಿ ಕಾಯುತ್ತದೆ. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿ ಇದ್ದರೂ ಕಾಂಕಾರ್ಡ್‌ನ ಮೂತಿ 127 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತಿತ್ತು. ಹಾರುವಾಗ ಇಡೀ ವಿಮಾನ ಹಿಗ್ಗಿ, ಅದರ ಉದ್ದ ಒಂದು ಗೇಣಿನಷ್ಟು ಹೆಚ್ಚುತ್ತಿತ್ತು. ಅದರ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು. ಇನ್ನೂ ಸ್ವಲ್ಪ ಕಾದರೆ ಲೋಹದ ಗಟ್ಟಿತನವೇ ಕುಂದುತ್ತಿತ್ತು. ಹಾಗಾಗಿ ಅದಕ್ಕೆಂದೇ ತಯಾರಿಸಿದ ಬಿಳಿ ಬಣ್ಣ ಬೇಕಾಯಿತು. ಮೇಲಿಂದ ಬೀಳುವ ಬಿಸಿಲನ್ನು ಹಿಂದಕ್ಕೆ ಅಟ್ಟುವುದು, ಗಾಳಿಯಿಂದ ಹುಟ್ಟಿದ ಶಾಖವನ್ನು ಹೊರಕ್ಕೆ ಸೂಸುವುದು, ಈ ಎರಡೂ ಕೆಲಸ ಆ ಬಣ್ಣದ ಪಾಲಿಗಿತ್ತು.

ಇಷ್ಟು ಓದಿದವರು, ಎಲ್ಲ ವಿಮಾನಗಳೂ ಬಿಳಿಯಾಗಿರುವುದು ಇದಕ್ಕೇ ಎಂದುಕೊಂಡಾರು. ಅಲ್ಲ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಏರ್‌ಬಸ್ ಎ320 ಶಬ್ದದ ವೇಗದ ಮುಕ್ಕಾಲು ಪಾಲಿಗಿಂತ ತುಸು ಜಾಸ್ತಿ ವೇಗದಲ್ಲಿ ಹಾರುತ್ತದೆ, ಅಷ್ಟೆ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹೊರಗಿನ ಗಾಳಿ ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗೆ. ಆ ಗಾಳಿ ಬಿರುಸಾಗಿ ಮೈಮೇಲೆ ಹರಿದುಹೋಗುತ್ತಿರುವಾಗ ಬಿಸಿಲು ಎಷ್ಟೇ ಚುರುಕಾಗಿದ್ದರೂ ವಿಮಾನ ಕಾಯುವ ಪ್ರಶ್ನೆಯೇ ಇಲ್ಲ. ನೀಲಿಯೋ ಕೆಂಪೋ ಕಪ್ಪೋ, ಆ ಎತ್ತರದಲ್ಲಿ ಯಾವುದಾದರೂ ನಡೆಯುತ್ತದೆ. ಪ್ರಯಾಣಿಕರ ವಿಮಾನಕ್ಕೆ ಬಿಳಿ ಬೇಕಾಗುವುದು ಅದು ನೆಲದ ಮೇಲೆ ನಿಂತಿರುವಾಗ. ಅದರ ಬಣ್ಣ ತೀರ್ಮಾನವಾಗುವುದು ನಿಲುಗಡೆಯ ಬಯಲಿನಲ್ಲಿ, ಹ್ಯಾಂಗರ್‌ನಲ್ಲಿ, ಲೆಕ್ಕಪತ್ರದ ಮೇಜಿನ ಮೇಲೆ.

ಮೇ ತಿಂಗಳ ಒಂದು ಮಧ್ಯಾಹ್ನ ಕಲಬುರಗಿಯ ನಿಲ್ದಾಣವನ್ನು ಊಹಿಸಿಕೊಳ್ಳಿ. ನೆರಳಿನಲ್ಲೇ ನಲವತ್ತು ದಾಟಿದ ಬಿಸಿ. ಮೋಡವಿಲ್ಲದ ನಡುಮಧ್ಯಾಹ್ನ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 1000 ವಾಟ್‌ನಷ್ಟು ಬಿಸಿಲು ಬೀಳುತ್ತದೆ. ಎ320 ವಿಮಾನದ ಉದ್ದ ಮೂವತ್ತೇಳೂವರೆ ಮೀಟರ್, ಒಡಲಿನ ಅಗಲ ನಾಲ್ಕು ಮೀಟರ್ ಆಸುಪಾಸು. ಸೂರ್ಯ ನೆತ್ತಿಯ ಮೇಲಿದ್ದರೆ ಅದರ ಬೆನ್ನು ಸುಮಾರು 150 ಚದರ ಮೀಟರ್ ಬಿಸಿಲನ್ನು ಹಿಡಿಯುತ್ತದೆ. ರೆಕ್ಕೆ ಬಿಟ್ಟು ಬರೀ ಒಡಲಿನ ಲೆಕ್ಕವೇ 150 ಕಿಲೊವಾಟ್. ಒಳ್ಳೆಯ ಬಿಳಿ ಬಣ್ಣ ಇದರಲ್ಲಿ ಕಾಲು ಭಾಗವನ್ನು ಹೀರಿಕೊಂಡು ಉಳಿದದ್ದನ್ನು ವಾಪಸು ಕಳಿಸುತ್ತದೆ. ಕಪ್ಪು ಹತ್ತರಲ್ಲಿ ಒಂಬತ್ತು ಭಾಗಕ್ಕೂ ಹೆಚ್ಚನ್ನು ನುಂಗುತ್ತದೆ. ನಡುವಣ ವ್ಯತ್ಯಾಸ ನೂರು ಕಿಲೊವಾಟ್ ಹತ್ತಿರ. ಅಷ್ಟೂ ಶಾಖ ಒಳಗಿನ ಸೀಟಿನವರೆಗೆ ಇಳಿಯುವುದಿಲ್ಲ ನಿಜ. ಗೋಡೆಯೊಳಗೆ ಶಾಖ ತಡೆಯುವ ಹೊದಿಕೆ ಇರುತ್ತದೆ, ಒಂದಷ್ಟು ಶಾಖವನ್ನು ಗಾಳಿ ಒಯ್ಯುತ್ತದೆ. ಆದರೂ ಮೈ ಕಾದಷ್ಟೂ ಕ್ಯಾಬಿನ್ ಕಾಯುತ್ತದೆ.

ಕ್ಯಾಬಿನ್ ಕಾದರೆ ತಂಪು ಮಾಡಬೇಕು. ನೆಲದ ಮೇಲೆ ಮುಖ್ಯ ಎಂಜಿನ್‌ಗಳು ನಿಂತಿರುತ್ತವೆ. ಆಗ ತಂಪು ಮಾಡಲು ಎರಡೇ ದಾರಿ. ನಿಲ್ದಾಣದವರು ದಪ್ಪ ಕೊಳವೆಯಲ್ಲಿ ತಣ್ಣನೆಯ ಗಾಳಿ ಕೊಡಬೇಕು, ಇಲ್ಲವೇ ವಿಮಾನ ತನ್ನ ಬಾಲದ ತುದಿಯಲ್ಲಿರುವ ಪುಟ್ಟ ಎಂಜಿನ್ ಓಡಿಸಬೇಕು. ಅದಕ್ಕೆ ಎಪಿಯು ಎನ್ನುತ್ತಾರೆ. ನಿಂತ ವಿಮಾನದ ಬಾಲದ ಕಡೆಯಿಂದ ಗುಂಯ್ ಎಂದು ಕೇಳಿಸುವುದು ಅದೇ. ಎ320 ಗಾತ್ರದ ವಿಮಾನದಲ್ಲಿ ಅದು ಗಂಟೆಗೆ ನೂರು ಕಿಲೊಗೂ ಹೆಚ್ಚು ಇಂಧನ ಸುಡುತ್ತದೆ. ದಿನಕ್ಕೆ ಐದಾರು ಊರು ಸುತ್ತಿ, ಪ್ರತಿ ಊರಲ್ಲೂ ಅರ್ಧ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಲ್ಲುವ ವಿಮಾನಕ್ಕೆ ಇದು ಸಣ್ಣ ಮಾತಲ್ಲ. ಮಂಗಳೂರಿನಿಂದ ದುಬೈಗೆ ಹೋಗಿಬರುವ ವಿಮಾನಗಳಿಗಂತೂ ಎರಡು ತುದಿಯಲ್ಲೂ ಬಿಸಿಲೇ.

ಇಂಡಿಗೋ ವಿಮಾನವನ್ನು ಈ ಕಣ್ಣಿನಿಂದ ನೋಡಿ. ಗಾಢ ನೀಲಿ ಇದೆ, ಆದರೆ ಹೊಟ್ಟೆಯ ಕೆಳಗೆ, ಬಿಸಿಲು ತಾಗದ ಕಡೆ. ಬೆನ್ನು ಬಿಳಿ. ಬೇರೆ ಹಲವು ಕಂಪನಿಗಳು ಗಾಢ ಬಣ್ಣವನ್ನು ಬಾಲಕ್ಕೆ ಮೀಸಲಿಡುತ್ತವೆ. ಬಾಲ ನೆಟ್ಟಗೆ ನಿಂತಿರುವುದರಿಂದ ಮಧ್ಯಾಹ್ನದ ಬಿಸಿಲು ಅದರ ಮೇಲೆ ಓರೆಯಾಗಿ ಜಾರಿಹೋಗುತ್ತದೆ. ಒಳಗೆ ಪ್ರಯಾಣಿಕರೂ ಇಲ್ಲ. 2023ರ ಕೊನೆಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬಾಂಧನಿ, ಅಜ್ರಖ್ ಮೊದಲಾದ ಬಟ್ಟೆ ಕಲೆಗಳ ಚಿತ್ತಾರವನ್ನು ವಿಮಾನಗಳ ಮೇಲೆ ತರತೊಡಗಿದಾಗ ಅವೂ ಬಾಲದ ಮೇಲೇ ಬಂದವು. ಇದೆಲ್ಲ ಶಾಖದ ಲೆಕ್ಕ ಹಾಕಿಯೇ ಮಾಡಿದ್ದೆಂದು ನಾನು ಹೇಳಲಾರೆ. ದೂರದಿಂದ ಕಾಣುವ ಜಾಗವೂ ಬಾಲವೇ. ಭೌತಶಾಸ್ತ್ರವೂ ಜಾಹೀರಾತೂ ಒಂದೇ ಜಾಗವನ್ನು ಒಪ್ಪಿಕೊಂಡಿವೆ ಎನ್ನಬಹುದು.

ಬಣ್ಣವೇ ಬೇಡ, ಬರೀ ಲೋಹವನ್ನು ಉಜ್ಜಿ ಕನ್ನಡಿ ಮಾಡಿದರೆ ಬಿಸಿಲು ಇನ್ನೂ ಚೆನ್ನಾಗಿ ಹಿಂದಿರುಗುವುದಿಲ್ಲವೇ? ಜಾಣ ಪ್ರಶ್ನೆಯೇ. ಆದರೆ ಬಿಸಿಲಿನಲ್ಲಿ ಬಿಟ್ಟ ಫಳಫಳ ಸ್ಟೀಲ್ ಚೊಂಬನ್ನು ಮುಟ್ಟಿ ಕೈ ಸುಟ್ಟುಕೊಂಡವರಿಗೆ ಅರ್ಧ ಉತ್ತರ ಗೊತ್ತಿರುತ್ತದೆ. ಒಂದು ವಸ್ತು ಬಿಸಿಲಲ್ಲಿ ಎಷ್ಟು ಕಾಯುತ್ತದೆ ಎನ್ನುವುದಕ್ಕೆ ಎರಡು ಲೆಕ್ಕ ಬೇಕು. ಬಿದ್ದ ಬಿಸಿಲಿನಲ್ಲಿ ಎಷ್ಟನ್ನು ಹೀರಿತು ಎಂಬುದು ಒಂದು. ಹೀರಿದ್ದನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಎಷ್ಟು ಬೇಗ ಹೊರಗೆ ಚೆಲ್ಲಿತು ಎಂಬುದು ಇನ್ನೊಂದು. ಉಜ್ಜಿದ ಲೋಹ ಹೀರುವುದೂ ಕಡಿಮೆ, ಚೆಲ್ಲುವುದು ಇನ್ನೂ ಕಡಿಮೆ. ಹೊಳಪಿನ ಅಲ್ಯೂಮಿನಿಯಂ ಚೆಲ್ಲಬಹುದಾದ ಶಾಖದಲ್ಲಿ ಹತ್ತನೇ ಒಂದು ಭಾಗವನ್ನೂ ಚೆಲ್ಲುವುದಿಲ್ಲ. ಒಳಗೆ ಹೋದದ್ದು ಒಳಗೇ ಉಳಿದು ಸೇರುತ್ತ ಹೋಗುತ್ತದೆ. ಬಿಳಿ ಬಣ್ಣದ ಸ್ವಭಾವ ಬೇರೆ. ಬೆಳಕಿಗೆ ಅದು ಬಿಳಿ, ಆದರೆ ಅವಕೆಂಪಿನ ಲೋಕದಲ್ಲಿ ಅದು ಹೆಚ್ಚುಕಡಿಮೆ ಕಪ್ಪು. ಹೀರುವುದು ಕಾಲು ಭಾಗ, ಹೊರಚೆಲ್ಲುವ ಶಕ್ತಿ ಹತ್ತಕ್ಕೆ ಒಂಬತ್ತು. ಕಾಂಕಾರ್ಡ್‌ಗೆ ಬೇಕಾಗಿದ್ದದ್ದೂ ಈ ಎರಡನೆಯ ಗುಣವೇ.

ವಿಮಾನಯಾನದವರು ಇದನ್ನು ಸೂತ್ರದಿಂದಲ್ಲ, ಅನುಭವದಿಂದ ಕಲಿತರು. ಎರಡನೆಯ ಮಹಾಯುದ್ಧದ ನಂತರದ ಪ್ರಯಾಣಿಕ ವಿಮಾನಗಳು ಬಹುಪಾಲು ಬೆತ್ತಲೆ ಅಲ್ಯೂಮಿನಿಯಂ ಮೈಯವು. 1950ರ ದಶಕದ ಹೊತ್ತಿಗೆ ಪ್ಯಾನ್ ಆಮ್, ಬಿಒಎಸಿಯಂಥ ಕಂಪನಿಗಳ ವಿಮಾನಗಳಲ್ಲಿ ಕಿಟಕಿಯ ಸಾಲಿನಿಂದ ಮೇಲಿನ ಭಾಗಕ್ಕೆ ಮಾತ್ರ ಬಿಳಿ ಬಂತು, ಕೆಳಗಿನ ಲೋಹ ಹಾಗೇ ಉಳಿಯಿತು. ಬೆನ್ನಿಗೆ ಬಿಳಿ ಬಳಿದರೆ ಉಷ್ಣದ ಊರುಗಳಲ್ಲಿ ನಿಂತಾಗ ಒಳಗೆ ತಂಪು ಎಂಬುದೇ ಕಾರಣ. ಆ ಕಾಲದ ಕಪ್ಪು-ಬಿಳುಪು ಫೋಟೊಗಳಲ್ಲೂ ಆ ಗೆರೆ ಕಾಣುತ್ತದೆ.

ಬೆತ್ತಲೆ ಲೋಹಕ್ಕೆ ಕೊನೆಯವರೆಗೂ ಅಂಟಿಕೊಂಡದ್ದು ಅಮೆರಿಕನ್ ಏರ್‌ಲೈನ್ಸ್. ಅದರ ವಾದ ತೂಕದ್ದು. ಒಂದು ಬೋಯಿಂಗ್ 747ಕ್ಕೆ ಪೂರ್ತಿ ಬಣ್ಣ ಬಳಿದರೆ ಬರೀ ಬಣ್ಣದ ತೂಕವೇ ಸುಮಾರು 250 ಕಿಲೊ. ಅಷ್ಟನ್ನು ಹೊತ್ತುಕೊಂಡು ವರ್ಷಗಟ್ಟಲೆ ಹಾರುವ ಬದಲು ಲೋಹವನ್ನು ಉಜ್ಜಿಟ್ಟರೆ ಇಂಧನ ಉಳಿಯುತ್ತದಲ್ಲ? ಉಳಿಯುತ್ತದೆ. ಆದರೆ ಬಣ್ಣವಿಲ್ಲದ ಲೋಹವನ್ನು ಮತ್ತೆ ಮತ್ತೆ ಉಜ್ಜುತ್ತಿರಬೇಕು, ಇಲ್ಲವಾದರೆ ಮಂಕಾಗುತ್ತದೆ, ತುಕ್ಕಿಗೆ ದಾರಿಯಾಗುತ್ತದೆ. ಉಳಿಸಿದ ಇಂಧನದ ಹಣವನ್ನು ಉಜ್ಜುವ ಖರ್ಚು ನುಂಗಿಹಾಕುತ್ತದೆ ಎಂಬುದು ಬೋಯಿಂಗ್ ಕಂಪನಿಯೇ ಹಾಕಿದ ಲೆಕ್ಕ. ಅಮೆರಿಕನ್ ಏರ್‌ಲೈನ್ಸ್ ಕೊನೆಗೂ 2013ರ ಜನವರಿಯಲ್ಲಿ ಬಣ್ಣಕ್ಕೆ ಬಂತು. ಲೆಕ್ಕ ಒಪ್ಪಿ ಬಂದದ್ದಲ್ಲ. ಅದು ಕೊಳ್ಳಲು ಹೊರಟಿದ್ದ ಬೋಯಿಂಗ್ 787ರ ಮೈಯಲ್ಲಿ ಉಜ್ಜಲು ಲೋಹವೇ ಇರಲಿಲ್ಲ.

787ರ ರಚನೆಯಲ್ಲಿ ತೂಕದ ಅರ್ಧದಷ್ಟು, ಏರ್‌ಬಸ್ ಎ350ರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಕಾಂಪೋಸಿಟ್. ಕಾರ್ಬನ್ ಎಳೆಗಳನ್ನು ಅಂಟಿನಂಥ ರಾಳದಲ್ಲಿ ಅದ್ದಿ, ಪದರ ಪದರವಾಗಿ ಹಾಸಿ, ಬೇಯಿಸಿ ಗಟ್ಟಿ ಮಾಡಿದ ವಸ್ತು ಅದು. ಎಳೆಗೆ ಬಿಸಿಲಿನ ಭಯವಿಲ್ಲ, ರಾಳಕ್ಕಿದೆ. ಅತಿನೇರಳೆ ಕಿರಣ ರಾಳವನ್ನು ಪುಡಿಗಟ್ಟಿಸುತ್ತದೆ, ಶಾಖ ಅದನ್ನು ಮೆತ್ತಗಾಗಿಸುತ್ತದೆ. ಹಾಗಾಗಿ ಬಣ್ಣವಿಲ್ಲದೆ ಕಾಂಪೋಸಿಟ್ ವಿಮಾನವನ್ನು ಬಿಸಿಲಿಗೆ ಬಿಡುವಂತಿಲ್ಲ. ಯಾವ ಬಣ್ಣ ಎನ್ನುವುದು ರಾಳವನ್ನು ಎಷ್ಟು ಬಿಸಿಯಲ್ಲಿ ಬೇಯಿಸಿ ಗಟ್ಟಿ ಮಾಡಿದ್ದಾರೆ ಎನ್ನುವುದರ ಮೇಲೆ ನಿಂತಿದೆ.

ಇದು ಅತಿ ಸ್ಪಷ್ಟವಾಗಿ ಕಾಣುವುದು ಗ್ಲೈಡರ್‌ಗಳಲ್ಲಿ. ಎಂಜಿನ್ನಿಲ್ಲದೆ ಗಾಳಿಯ ಮೇಲೆ ತೇಲುವ ಈ ಸಪೂರ ವಿಮಾನಗಳನ್ನು ಗಾಜಿನ ನಾರು ಮತ್ತು ರಾಳದಲ್ಲಿ ಕಟ್ಟುವ ಪದ್ಧತಿ ಶುರುವಾದದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಲ್ಲಿನ ವಿದ್ಯಾರ್ಥಿಗಳು ಕಟ್ಟಿದ ಫೀನಿಕ್ಸ್ 1957ರಲ್ಲಿ ಹಾರಿತು. ಅಂದಿನಿಂದ ಇಂದಿನವರೆಗೆ ಗ್ಲೈಡರ್ ಎಂದರೆ ಬಿಳಿ. ಅವುಗಳ ರಾಳವನ್ನು ಕಡಿಮೆ ಶಾಖದಲ್ಲಿ ಗಟ್ಟಿ ಮಾಡುವುದರಿಂದ ರಚನೆಯ ಶಕ್ತಿಯನ್ನು ಸಾಮಾನ್ಯವಾಗಿ 54 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಖಾತ್ರಿಪಡಿಸಿರುತ್ತಾರೆ. ಬಿಳಿ ಬಣ್ಣದಲ್ಲಿ ಆ ಮಿತಿಯೊಳಗೆ ಉಳಿಯಬಹುದು. ಗಾಢ ಬಣ್ಣ ಬಳಿದರೆ ಬಿಸಿಲಲ್ಲಿ ನಿಂತ ರೆಕ್ಕೆಯ ಮೇಲ್ಮೈ ಅದನ್ನು ಎಲ್ಲೋ ಹಿಂದೆ ಬಿಟ್ಟು ಮೇಲೇರುತ್ತದೆ. ಬಿಸಿಲಿಗೆ ಒಡ್ಡಿಕೊಳ್ಳುವ ಭಾಗವೆಲ್ಲ ಬಿಳಿಯಾಗಿಯೇ ಇರಬೇಕು, ನೋಂದಣಿ ಅಕ್ಷರಗಳಿಗೆ ಮತ್ತು ಎಚ್ಚರಿಕೆ ಪಟ್ಟಿಗಳಿಗೆ ಮಾತ್ರ ವಿನಾಯಿತಿ ಎಂದು ಗ್ಲೈಡರ್‌ಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ಅಲ್ಲಿ ಬಿಳಿ ಎಂಬುದು ಆಯ್ಕೆಯಲ್ಲ, ಕಟ್ಟಳೆ. ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ತರಬೇತಿಗೆಂದು ರೂಪಿಸಿದ ಎರಡು ಆಸನದ 'ಹಂಸ' ಕೂಡ ಪೂರ್ತಿ ಕಾಂಪೋಸಿಟ್ ಮೈಯದು. ಅದರ ಮೈಯೂ ಬಹುಪಾಲು ಬಿಳಿ.

ದೊಡ್ಡ ವಿಮಾನಗಳ ಕತೆ ಬೇರೆ. 787ರ ರಾಳವನ್ನು ಭಾರಿ ಒತ್ತಡದ ಕುಲುಮೆಯಲ್ಲಿ, ಹೆಚ್ಚು ಬಿಸಿಯಲ್ಲಿ ಬೇಯಿಸಿರುತ್ತಾರೆ. ಬಿಸಿಲಿಗೆ ಅದು ಸುಲಭಕ್ಕೆ ಜಗ್ಗುವುದಿಲ್ಲ. ಪುರಾವೆ ಬೇಕಿದ್ದರೆ ಏರ್ ನ್ಯೂಜಿಲೆಂಡ್ ಇದೆ. ಆ ದೇಶದ ರಗ್ಬಿ ತಂಡದ ಬಣ್ಣ ಕಪ್ಪು. 2014ರಲ್ಲಿ ತಾನು ಪಡೆದ ಮೊದಲ 787-9ಕ್ಕೆ ಆ ಕಂಪನಿ ಮೈತುಂಬ ಕಪ್ಪು ಬಳಿಸಿತು. ಅದು ಚೆನ್ನಾಗಿಯೇ ಹಾರಿತು. ಬಿಳಿಯಲ್ಲದಿದ್ದರೆ ವಿಮಾನಕ್ಕೆ ಅಪಾಯ ಎಂದು ಅಂತರ್ಜಾಲದ ವಿಡಿಯೊಗಳು ಹೆದರಿಸುವುದನ್ನು ನಂಬಬೇಕಿಲ್ಲ. ಕಪ್ಪು ವಿಮಾನಕ್ಕೆ ಅಪಾಯವಿಲ್ಲ, ಖರ್ಚಿದೆ.

ಬಣ್ಣದ ವಿಮಾನಗಳ ಖರ್ಚಿನಲ್ಲಿ ಒಂದು ಪಾಲು ಬಣ್ಣ ಮಾಸುವುದರಲ್ಲಿದೆ. ಮೂವತ್ತೈದು ಸಾವಿರ ಅಡಿಯಲ್ಲಿ ವಾತಾವರಣದ ಮುಕ್ಕಾಲು ಭಾಗ ವಿಮಾನಕ್ಕಿಂತ ಕೆಳಗಿರುತ್ತದೆ. ಮೇಲೆ ಸೋಸುವ ಗಾಳಿ ಕಡಿಮೆಯಾದ್ದರಿಂದ ಅತಿನೇರಳೆ ಕಿರಣಗಳ ಏಟು ನೆಲದಲ್ಲಿರುವುದಕ್ಕಿಂತ ಜೋರು. ಕೆಂಪು, ಹಳದಿ, ನೇರಳೆ ಬಣ್ಣಗಳ ಕಣಗಳು ಹಲವು ಬಾರಿ ಇಂಗಾಲದ ಸರಪಳಿಯ ರಾಸಾಯನಿಕಗಳು. ಕಿರಣ ಬಿದ್ದು ಬಿದ್ದು ಸರಪಳಿ ತುಂಡಾದಂತೆ ಕೆಂಪು ಗುಲಾಬಿಯತ್ತ ಜಾರುತ್ತದೆ. ಬಿಳಿ ಬಣ್ಣದ ಜೀವಾಳ ಟೈಟಾನಿಯಂ ಡಯಾಕ್ಸೈಡ್. ಇದು ಖನಿಜ, ಮಾಸುವುದಕ್ಕೆ ಅದರಲ್ಲಿ ಬಣ್ಣವೇ ಇಲ್ಲ. ಅದು ಬೆಳಕನ್ನು ವಜ್ರಕ್ಕಿಂತಲೂ ಹೆಚ್ಚು ಬಾಗಿಸುತ್ತದೆ. ಹಾಗಾಗಿ ತೆಳ್ಳಗೆ ಹಚ್ಚಿದರೂ ಕೆಳಗಿನದು ಕಾಣದಂತೆ ಮುಚ್ಚುತ್ತದೆ. ಇದರ ಅದಿರು ನಮಗೆ ದೂರದ್ದೂ ಅಲ್ಲ. ಕೇರಳದ ಕೊಲ್ಲಂ ಹತ್ತಿರದ ಚವರ ಕರಾವಳಿಯ ಕಪ್ಪು ಮರಳಿನಲ್ಲಿ ಸಿಗುವ ಇಲ್ಮನೈಟ್‌ನಿಂದ ಅಲ್ಲೇ ಒಂದು ಸರ್ಕಾರಿ ಕಾರ್ಖಾನೆ ಈ ಬಿಳಿ ಪುಡಿ ತಯಾರಿಸುತ್ತದೆ. ಕಪ್ಪು ಮರಳಿನಿಂದ ಇಷ್ಟು ಬಿಳಿ ಪುಡಿ ಬರುವುದು ನನಗೆ ಇಂದಿಗೂ ಸೋಜಿಗವೇ.

ಕೆಂಪು ಹಳದಿಗಳಿಗೆ ಮುಚ್ಚುವ ಶಕ್ತಿ ಕಡಿಮೆ. ಅವು ಎದ್ದು ಕಾಣಬೇಕಾದರೆ ಕೆಳಗೆ ಮೊದಲು ಬಿಳಿ ಬಳಿದು, ಮೇಲೆ ಎರಡು ಮೂರು ಸಲ ಹಚ್ಚಬೇಕು. ಅಂದರೆ ಕೆಂಪು ವಿಮಾನದೊಳಗೂ ಒಂದು ಬಿಳಿ ವಿಮಾನ ಇದ್ದೇ ಇರುತ್ತದೆ, ಅದರ ತೂಕದ ಸಮೇತ.

ವಿಮಾನಕ್ಕೆ ಬಣ್ಣ ಬಳಿಯುವುದು ಮನೆಗೆ ಸುಣ್ಣ ಹೊಡೆದಂತಲ್ಲ. ಕಾರ್ಖಾನೆಯಿಂದ ಹೊರಬರುವಾಗ ಲೋಹದ ವಿಮಾನ ಹಸಿರು ಮಿಶ್ರಿತ ಹಳದಿಯಾಗಿರುತ್ತದೆ. ತುಕ್ಕು ತಡೆಯುವ ಹೊದಿಕೆಯ ಬಣ್ಣ ಅದು. ಅಮೆರಿಕದಲ್ಲಿ ಬೋಯಿಂಗ್ 737ರ ಒಡಲುಗಳು ವಿಚಿಟಾದಿಂದ ರೆಂಟನ್‌ಗೆ ರೈಲಿನಲ್ಲಿ ಸಾಗುವುದು ಈ ಹಸಿರು ಮೈಯಲ್ಲೇ. ಆಮೇಲೆ ಹ್ಯಾಂಗರ್‌ನಲ್ಲಿ ತೊಳೆದು, ಕಿಟಕಿ, ಸಂವೇದಕ, ಗಾಳಿ ಹೋಗುವ ರಂಧ್ರಗಳನ್ನೆಲ್ಲ ಕಾಗದ ಮತ್ತು ಟೇಪಿನಿಂದ ಮುಚ್ಚಿ, ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಾಲಿಯುರೆಥೇನ್ ಬಣ್ಣ. ಸ್ಪ್ರೇ ಗನ್‌ನಿಂದ ಹೊರಡುವ ಹನಿಗಳಿಗೆ ವಿದ್ಯುದಾವೇಶ ಕೊಟ್ಟು, ಅವು ತಾವಾಗಿ ಮೈಗೆ ಅಂಟಿಕೊಳ್ಳುವಂತೆ ಮಾಡುತ್ತಾರೆ. ಹಳೆಯ ಪ್ರೈಮರ್‌ಗಳಲ್ಲಿ ಕ್ಯಾನ್ಸರ್ ತರಬಲ್ಲ ಕ್ರೋಮಿಯಂ ಇರುವುದರಿಂದ ಕೆಲಸಗಾರರು ಶುದ್ಧ ಗಾಳಿಯ ಕೊಳವೆ ಜೋಡಿಸಿದ ಮುಸುಕು ಧರಿಸಿರುತ್ತಾರೆ. ಇಷ್ಟೆಲ್ಲ ಆಗಿ ಬರುವ ಬಣ್ಣದ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ. ಎ320 ಗಾತ್ರದ ವಿಮಾನಕ್ಕೆ ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಅಷ್ಟು ದಿನ ಅದು ಒಂದು ಟಿಕೆಟ್ಟನ್ನೂ ಮಾರುವುದಿಲ್ಲ. ಬಣ್ಣದ ಡಬ್ಬಿಗಿಂತ ದುಬಾರಿ ಈ ನಿಂತ ದಿನಗಳು.

ಚುಕ್ಕಾಣಿ ಫಲಕಗಳಿಗಂತೂ ಇನ್ನೂ ಹುಷಾರು ಬೇಕು. ಬಾಲದಲ್ಲಿ ಎಡಕ್ಕೂ ಬಲಕ್ಕೂ ತಿರುಗುವ ರಡ್ಡರ್‌ಗೆ ಬಣ್ಣ ಹಚ್ಚಿದ ಮೇಲೆ ಅದರ ತೂಕದ ಸಮತೋಲ ನೋಡಲೇಬೇಕು. ಹಿಂಬದಿಯಲ್ಲಿ ಬಣ್ಣ ಹೆಚ್ಚಾಗಿ ಕೂತರೆ ವೇಗದಲ್ಲಿ ಫಲಕ ಅದುರತೊಡಗಿ, ಆ ಅದುರು ಬೆಳೆದು ಕಿತ್ತುಹೋಗುವ ಸಾಧ್ಯತೆ ಇದೆ.

ಬಣ್ಣ ಎಂದರೆ ಬರೀ ಶೃಂಗಾರ ಎಂದು ತಿಳಿದವರ ಕಣ್ಣು ತೆರೆಸಿದ್ದು ಕತಾರ್ ಏರ್‌ವೇಸ್ ಮತ್ತು ಏರ್‌ಬಸ್ ನಡುವಣ ಜಗಳ. ಫುಟ್‌ಬಾಲ್ ವಿಶ್ವಕಪ್ಪಿನ ವಿಶೇಷ ಚಿತ್ತಾರ ಬಳಿಯಲು ಒಂದು ಎ350ನ ಹಳೆಯ ಬಣ್ಣ ತೆಗೆಯುವಾಗ ಮೇಲ್ಮೈ ಕೆಟ್ಟಿರುವುದು ಕಂಡುಬಂತು. ಕಾಂಪೋಸಿಟ್ ಮೈಗೆ ವಿದ್ಯುತ್ ಹರಿಯುವುದು ಕಷ್ಟ. ಸಿಡಿಲು ಬಡಿದರೆ ಅದು ಹರಡಿಹೋಗಲೆಂದು ಬಣ್ಣದ ಕೆಳಗೆ ತಾಮ್ರದ ತೆಳು ಜಾಲರಿ ಹಾಸಿರುತ್ತಾರೆ. ಬಣ್ಣ, ತಾಮ್ರ, ಕಾಂಪೋಸಿಟ್ ಮೂರೂ ಬಿಸಿಗೆ ಹಿಗ್ಗುವ, ಚಳಿಗೆ ಕುಗ್ಗುವ ಪ್ರಮಾಣ ಬೇರೆ ಬೇರೆ. ದೋಹಾದ ಬಿಸಿಲಿನಿಂದ ಅರ್ಧ ಗಂಟೆಯೊಳಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೆ ಹೋಗಿ, ಮತ್ತೆ ಇಳಿದು, ಮತ್ತೆ ಏರುವ ಮೈಯಲ್ಲಿ ಅವು ಒಂದನ್ನೊಂದು ಎಳೆದಾಡುತ್ತವೆ. ಬಣ್ಣ ಬಿರುಕು ಬಿಡುತ್ತದೆ. ಕತಾರ್ ಇಪ್ಪತ್ತಕ್ಕೂ ಹೆಚ್ಚು ಎ350ಗಳನ್ನು ನಿಲ್ಲಿಸಿತು. ಸುರಕ್ಷತೆಗೆ ಧಕ್ಕೆ ಇಲ್ಲ ಎಂದು ಏರ್‌ಬಸ್ ಹೇಳಿತು. ಲಂಡನ್‌ನ ನ್ಯಾಯಾಲಯ ಹತ್ತಿದ ಜಗಳ 2023ರ ಫೆಬ್ರವರಿಯಲ್ಲಿ ರಾಜಿಯಲ್ಲಿ ಮುಗಿಯಿತು.

787ರದು ಇನ್ನೊಂದು ತಮಾಷೆ. ಅದರ ರೆಕ್ಕೆಯ ಮೇಲೆ ಅಲ್ಲಲ್ಲಿ ತೇಪೆ ಹಾಕಿದಂತೆ ಪಟ್ಟಿಗಳು ಕಂಡು ಪ್ರಯಾಣಿಕರು ಗಾಬರಿಯಾಗಿ ಫೋಟೊ ತೆಗೆದು ಹಂಚಿಕೊಳ್ಳುವುದುಂಟು. ಅದು ಮನೆಯ ಅಂಟುಟೇಪಲ್ಲ, ಸ್ಪೀಡ್ ಟೇಪ್ ಎಂಬ ಗಟ್ಟಿ ಅಲ್ಯೂಮಿನಿಯಂ ಪಟ್ಟಿ. ಅತಿನೇರಳೆ ಕಿರಣ ಬಣ್ಣದೊಳಕ್ಕೆ ಇಳಿದು ಕೆಳಗಿನ ಹಿಡಿತ ಸಡಿಲಿಸಿ, ಬಣ್ಣ ಸಿಪ್ಪೆಯಾಗಿ ಏಳುತ್ತಿತ್ತು. ಮತ್ತೆ ಬಣ್ಣ ಹಚ್ಚುವವರೆಗೆ ಟೇಪ್ ಕಾಯುತ್ತದೆ. ಬೋಯಿಂಗ್ ಕಂಡುಕೊಂಡ ಪರಿಹಾರ: ರೆಕ್ಕೆಯ ಮೇಲಿನ ಬಣ್ಣದ ಅಡಿಯಲ್ಲಿ ಕಿರಣ ತಡೆಯುವ ಕಪ್ಪು ಅಥವಾ ಬೂದು ಬಣ್ಣದ ಇನ್ನೊಂದು ಪದರ.

ಹ್ಯಾಂಗರ್‌ನ ಇಂಜಿನಿಯರುಗಳಿಗೆ ಬಿಳಿ ಇಷ್ಟವಾಗುವುದಕ್ಕೆ ಅವರದೇ ಕಾರಣವಿದೆ. ಪ್ರತಿ ಹಾರಾಟಕ್ಕೆ ಮುಂಚೆ ಪೈಲಟ್ ವಿಮಾನದ ಸುತ್ತ ಒಂದು ಸುತ್ತು ಹಾಕಿ ಕಣ್ಣಾಡಿಸುತ್ತಾರೆ. ಏಣಿ ಬಂಡಿ ತಾಗಿದ ತಗ್ಗು, ಸಿಡಿಲು ಹೊಕ್ಕ ಜಾಗದ ಸುಟ್ಟ ಚುಕ್ಕಿ, ರಿವೆಟ್ಟಿನ ಸುತ್ತ ಕೂರುವ ಕಪ್ಪು ಗೆರೆ, ಇವೆಲ್ಲ ಬಿಳಿ ಮೇಲ್ಮೈಯಲ್ಲಿ ಬೇಗ ಕಣ್ಣಿಗೆ ಬೀಳುತ್ತವೆ. ಸೋರಿಕೆಯಂತೂ ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತದೆ. ಪ್ರಯಾಣಿಕ ವಿಮಾನಗಳ ಹೈಡ್ರಾಲಿಕ್ ದ್ರವಕ್ಕೆ ನೇರಳೆ ಬಣ್ಣ ಬೆರೆಸಿರುತ್ತಾರೆ. ಎಂಜಿನ್ ಆಯಿಲ್ ಕಂದು. ಚಕ್ರದ ಗೂಡಿನ ಬಳಿ ಬಿಳಿಯ ಮೇಲೆ ನೇರಳೆ ಗೆರೆ ಇಳಿದಿದ್ದರೆ ಎಲ್ಲಿ ನೋಡಬೇಕೆಂದು ಹೇಳಿಕೊಡಬೇಕಿಲ್ಲ. ಕಡುನೀಲಿಯ ಮೇಲೆ ಅದೇ ಗೆರೆಯನ್ನು ಟಾರ್ಚ್ ಹಿಡಿದು ಹುಡುಕಬೇಕು. ಅದೇ ಗುಣ ಬಿಳಿಯ ದೋಷವೂ ಹೌದು: ಮಸಿ, ಜಿಡ್ಡು, ಧೂಳು ಎಲ್ಲ ಎದ್ದು ಕಾಣುತ್ತವೆ, ತೊಳೆಯುವ ಕೆಲಸ ಹೆಚ್ಚು.

ಬಿಳಿಯಿದ್ದರೆ ಹಕ್ಕಿಗಳಿಗೆ ದೂರದಿಂದ ಕಾಣುತ್ತದೆ, ಡಿಕ್ಕಿ ತಪ್ಪುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಇರಬಹುದು. ಆದರೆ ಯಾವ ಕಂಪನಿಯೂ ಹಕ್ಕಿಯನ್ನು ಕೇಳಿ ಬಣ್ಣ ಆರಿಸಿದ್ದನ್ನು ನಾನು ಕಾಣೆ. ಬೇರೆ ವಿಮಾನದವರಿಗೆ ಬೇಗ ಕಾಣಲಿ ಎಂಬುದು ಕಾರಣವಾಗಿದ್ದರೆ ಬಿಳಿ ಒಳ್ಳೆಯ ಆಯ್ಕೆಯೇ ಅಲ್ಲ, ಮೋಡದ ಎದುರು ಅದು ಕರಗಿಹೋಗುತ್ತದೆ. ಬ್ರಿಟಿಷ್ ವಾಯುಪಡೆ ತನ್ನ ತರಬೇತಿ ವಿಮಾನಗಳು ಎದ್ದು ಕಾಣಲೆಂದು ಹೊಳಪಿನ ಕಪ್ಪು ಬಳಿಯಿತು.

ಅದೇ ವಾಯುಪಡೆ ಬಿಳಿಯನ್ನು ಭಯಂಕರ ಕಾರಣಕ್ಕೆ ಬಳಸಿದ್ದೂ ಇದೆ. 1950ರ ದಶಕದ ಕೊನೆಯಲ್ಲಿ ಅಣುಬಾಂಬ್ ಹೊರುವ ವ್ಯಾಲಿಯಂಟ್, ವಲ್ಕನ್, ವಿಕ್ಟರ್ ಬಾಂಬರ್‌ಗಳಿಗೆ ಮೈತುಂಬ ಬಿಳಿ ಬಳಿದರು. ಬಾಂಬ್ ಹಾಕಿ ತಿರುಗಿ ಓಡುವಾಗ ಬೆನ್ನ ಹಿಂದೆ ಸಿಡಿಯುವ ಬೆಳಕು ಮತ್ತು ಶಾಖವನ್ನು ಹಿಂದಕ್ಕೆ ಹೊಡೆಯಲಿ ಎಂಬ ಉದ್ದೇಶ. ರಾಷ್ಟ್ರಚಿಹ್ನೆಯ ಕೆಂಪು ನೀಲಿ ವೃತ್ತವನ್ನೂ ಶಾಖ ಹೀರದಿರಲೆಂದು ಪೇಲವ ಮಾಡಿದರು. ಮುಂದೆ ನೆಲಕ್ಕೆ ಹತ್ತಿರ ಹಾರಿ ರೇಡಾರ್ ತಪ್ಪಿಸಿಕೊಳ್ಳಬೇಕಾದಾಗ ಬಿಳಿ ಹೋಗಿ ಹಸಿರು-ಬೂದು ಬಂತು. ಯುದ್ಧವಿಮಾನಕ್ಕೆ ಕಾಣದಿರುವುದೇ ಮುಖ್ಯ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್ ಬೂದು ಬಣ್ಣದ್ದಾಗಿರುವುದು ಅದಕ್ಕೇ. ಬೀದರ್‌ನಲ್ಲಿ ನೆಲೆಸಿರುವ, ಹಾರಾಟದ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ವಿಮಾನಗಳು ಕೆಂಪು-ಬಿಳಿ, ಅವರ ಕೆಲಸವೇ ಕಾಣಿಸಿಕೊಳ್ಳುವುದು.

ಇನ್ನು ಬಾಡಿಗೆಯ ವಿಚಾರ. ನನ್ನ ಲೆಕ್ಕದಲ್ಲಿ ಇಂದು ಬಿಳಿಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿರುವುದು ಇದೇ. ಭಾರತದ ಕಂಪನಿಗಳು ಹಾರಿಸುವ ವಿಮಾನಗಳಲ್ಲಿ ಹೆಚ್ಚಿನವು ಅವುಗಳ ಸ್ವಂತದ್ದಲ್ಲ. ಐರ್ಲೆಂಡಿನಂಥ ಕಡೆ ಕೂತ ಗುತ್ತಿಗೆ ಕಂಪನಿಗಳು ವಿಮಾನ ಕೊಂಡು, ಕೆಲವು ವರ್ಷಗಳ ಕರಾರಿನ ಮೇಲೆ ಬಾಡಿಗೆಗೆ ಕೊಡುತ್ತವೆ. ಕರಾರು ಮುಗಿದಾಗ ಅದೇ ವಿಮಾನ ಇನ್ನೊಂದು ದೇಶದ ಇನ್ನೊಂದು ಕಂಪನಿಗೆ ಹೋಗುತ್ತದೆ. ಮೈ ಬಿಳಿಯಿದ್ದರೆ ಬಾಲದ ಚಿತ್ರ, ಪಕ್ಕದ ಹೆಸರು ಬದಲಾಯಿಸಿದರೆ ಮುಗಿಯಿತು. ಮೈತುಂಬ ಬಣ್ಣವಿದ್ದರೆ ಎಲ್ಲವನ್ನೂ ಕೆರೆಯಬೇಕು. ಕಾಂಪೋಸಿಟ್ ವಿಮಾನದಲ್ಲಿ ಅದು ಇನ್ನೂ ಫಜೀತಿ. ಲೋಹದ ಮೇಲಿನ ಬಣ್ಣ ಕರಗಿಸುವ ರಾಸಾಯನಿಕ ರಾಳವನ್ನೂ ತಿನ್ನುವುದರಿಂದ ನಾಜೂಕಾಗಿ ಉಜ್ಜಿಯೇ ತೆಗೆಯಬೇಕು.

ಬೆಂಗಳೂರಿನವರು ಈ ಬದಲಾವಣೆಯನ್ನು ಹತ್ತಿರದಿಂದ ಕಂಡಿದ್ದಾರೆ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಶುರುಮಾಡಿದ, ಆರ್.ಕೆ. ಲಕ್ಷ್ಮಣರ 'ಕಾಮನ್ ಮ್ಯಾನ್' ಗುರುತಿನ ಏರ್ ಡೆಕ್ಕನ್ ಕೆಲವೇ ವರ್ಷಗಳಲ್ಲಿ ಕಿಂಗ್‌ಫಿಶರ್ ಪಾಲಾಗಿ 'ಕಿಂಗ್‌ಫಿಶರ್ ರೆಡ್' ಆಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್ ಹಾರಾಟವೇ ನಿಂತಿತು. 2024ರ ನವೆಂಬರ್‌ನಲ್ಲಿ ವಿಸ್ತಾರ ಏರ್ ಇಂಡಿಯಾದೊಳಗೆ ಸೇರಿತು. ಕೊಳ್ಳುವವರು ಕೈಕೊಟ್ಟು ಕಾರ್ಖಾನೆಯ ಅಂಗಳದಲ್ಲೇ ಉಳಿದ ಹೊಸ ವಿಮಾನಗಳಿಗೆ ಈ ವ್ಯಾಪಾರದಲ್ಲಿ 'ವೈಟ್ ಟೇಲ್' ಎಂದೇ ಹೆಸರು.

ಮೈಪೂರ್ತಿ ಬಿಳಿ ಫ್ಯಾಷನ್ ಆದದ್ದೂ ಆಕಸ್ಮಿಕವಲ್ಲ. 1960ರ ದಶಕದಲ್ಲಿ ಅಮೆರಿಕದ ಬ್ರಾನಿಫ್ ಕಂಪನಿ ವಿನ್ಯಾಸಕಾರ ಅಲೆಗ್ಸಾಂಡರ್ ಜಿರಾರ್ಡ್ ಅವರನ್ನು ಕರೆಸಿ ಒಂದೊಂದು ವಿಮಾನಕ್ಕೆ ಒಂದೊಂದು ಗಾಢ ಬಣ್ಣ 
ಬಳಿಸಿತ್ತು. 1970ರ ದಶಕದ ನಡುವಿನಲ್ಲಿ, ಕಾಂಕಾರ್ಡ್ ಸೇವೆ ಆರಂಭವಾದ ಹೊತ್ತಿಗೆ, ಏರ್ ಫ್ರಾನ್ಸ್ ಮೈಯೆಲ್ಲ ಬಿಳಿ, ಬಾಲಕ್ಕೆ ಪಟ್ಟೆ ಎಂಬ ಶೈಲಿ ತಂದಿತು. ಅದು ಎಷ್ಟು ಹಬ್ಬಿತೆಂದರೆ ವಿನ್ಯಾಸಕಾರರು ಬೇಸರದಿಂದ 'ಯೂರೊವೈಟ್' ಎಂದು ಅಡ್ಡಹೆಸರಿಟ್ಟರು. ಅವರ ಬೇಸರಕ್ಕೆ ಲೆಕ್ಕಪತ್ರದವರು ಸೊಪ್ಪು ಹಾಕಲಿಲ್ಲ. ಭಾರತದಿಂದ ಗುತ್ತಿಗೆ ಮುಗಿಸಿ ಹೊರಡುವ ಬಿಳಿ ಮೈಯ ವಿಮಾನಕ್ಕೆ ಹ್ಯಾಂಗರ್‌ನಲ್ಲಿ ಮಾಡಬೇಕಾದ ಬಣ್ಣದ ಕೆಲಸ ಇಷ್ಟೇ: ಬಾಲದ ಚಿತ್ರದ ಮೇಲೆ ಬಿಳಿ, ಹೆಸರಿನ ಮೇಲೆ ಬಿಳಿ, ವಿಟಿ ಎಂದು ಶುರುವಾಗುವ ಭಾರತದ ನೋಂದಣಿ ಅಕ್ಷರಗಳನ್ನು ಅಳಿಸಿ ಅದರ ಜಾಗದಲ್ಲಿ ಮುಂದಿನ ದೇಶದ ಅಕ್ಷರ.